ಹುಕುಂ ಇದೆ, ಕಾನೂನಿಲ್ಲ



ನಾನು ಸಾಹಿತಿಯಲ್ಲ, ವಕೀಲ. ಪಿರಿಯಾಪಟ್ಟಣ, ಹುಣಸೂರು ಕೋರ್ಟುಗಳಲ್ಲಿ ಮೂವತ್ತು ವರ್ಷ ಜಮೀನಿನ ಕೇಸು ನಡೆಸಿ ಹೊಟ್ಟೆ ಹೊರೆದವನು. ವಲಸೆ, ವೀಸಾ, ಆಶ್ರಯ ಎಂದು ಆಹ್ವಾನ ಪತ್ರಿಕೆಯಲ್ಲಿ ನೋಡಿ ಅಮೆರಿಕದ ಎಚ್-1ಬಿ ಬಗ್ಗೆ ಏನಾದರೂ ಹೇಳುತ್ತಾನೆ ಎಂದುಕೊಂಡು ಬಂದವರು ಕ್ಷಮಿಸಬೇಕು. ಆ ಕಥೆಯನ್ನು ನಿಮ್ಮ ಮಕ್ಕಳೇ ದಿನಾ ರಾತ್ರಿ ಫೋನಿನಲ್ಲಿ ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾವು ಪರದೇಶದ ಬಾಗಿಲಲ್ಲಿ ನಿಂತಾಗ ಏನಾಗುತ್ತದೆ ಎಂಬುದು ನಮಗೆ ಗೊತ್ತು. ನಮ್ಮ ಬಾಗಿಲಿಗೆ ಬಂದವರನ್ನು ನಾವು ಯಾವ ಲೆಕ್ಕಕ್ಕೆ ಬರೆದುಕೊಂಡಿದ್ದೇವೆ ಎಂಬುದರ ಬಗ್ಗೆ ಇವತ್ತು ಮಾತಾಡುತ್ತೇನೆ.

ನನ್ನ ಆಫೀಸಿಗೆ ಒಮ್ಮೆ ಅಕ್ಕ ತಮ್ಮ ಇಬ್ಬರು ಬಂದರು. ಬೈಲುಕುಪ್ಪೆಯ ಕ್ಯಾಂಪಿನವರು. ಅವರ ತಾಯಿ ಚಳಿಗಾಲದಲ್ಲಿ ಊರೂರು ಸುತ್ತಿ ಸ್ವೆಟರ್ ಮಾರಿ ಇಬ್ಬರನ್ನೂ ಓದಿಸಿದವರು. ಅಕ್ಕ ಹುಟ್ಟಿದ್ದು 1985ರಲ್ಲಿ, ತಮ್ಮ 1989ರಲ್ಲಿ. ಒಂದೇ ಆಸ್ಪತ್ರೆ, ಒಂದೇ ತಾಯಿ, ಒಂದೇ ಶಾಲೆ. ಇಬ್ಬರ ಕನ್ನಡವೂ ನಮ್ಮ ಪಿರಿಯಾಪಟ್ಟಣದ ಸಂತೆಯ ಕನ್ನಡ. ಅಕ್ಕ ಬ್ಯಾಗಿನಿಂದ ಮತದಾರರ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ತಮ್ಮ ಇಟ್ಟದ್ದು ಒಂದು ಪುಸ್ತಕ. ಅವರ ಬಾಯಲ್ಲಿ ಅದು ‘ಆರ್‌ಸಿ’, ಅಂದರೆ ವಿದೇಶಿಯರ ನೋಂದಣಿ ಪತ್ರ. ಫೋಟೋ ಅಂಟಿಸಿದ ಪುಟ, ಅದರ ಅಂಚಿಗೆ ಅರ್ಧ ಫೋಟೋದ ಮೇಲೂ ಅರ್ಧ ಕಾಗದದ ಮೇಲೂ ಬಿದ್ದ ನೀಲಿ ಮುದ್ರೆ, ಆಮೇಲೆ ಪುಟಕ್ಕೆ ಪುಟ ನವೀಕರಣದ ದಿನಾಂಕಗಳು. ರಾಷ್ಟ್ರೀಯತೆಯ ಕಾಲಂನಲ್ಲಿ ‘ಟಿಬೆಟಿಯನ್’ ಎಂದಿತ್ತು. ಕಾನೂನಿನ ಪ್ರಕಾರ ಅಕ್ಕ ಹುಟ್ಟಿನಿಂದಲೇ ಭಾರತೀಯಳು. ತಮ್ಮ ವಿದೇಶಿ. “ಸಾರ್, ನಾನು ಎಲ್ಲಿಂದ ಬಂದೆ ಅಂತ ಇದರಲ್ಲಿ ಬರ್ದಿದೆಯೋ ಅಲ್ಲಿಗೆ ನಾನು ಹೋಗೇ ಇಲ್ವಲ್ಲ” ಎಂದ ಆ ಹುಡುಗ.

ಗಣಿತ ಸರಳ. 1955ರ ಪೌರತ್ವ ಕಾಯ್ದೆಯ ಮೂರನೇ ಸೆಕ್ಷನ್ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಈ ನೆಲದಲ್ಲಿ ಹುಟ್ಟಿದ ಯಾರೇ ಆಗಲಿ, ತಂದೆ ತಾಯಿ ಯಾವ ದೇಶದವರೇ ಆಗಿರಲಿ, ರಾಯಭಾರಿಗಳ ಮಕ್ಕಳಂಥ ಒಂದೆರಡು ಅಪವಾದ ಬಿಟ್ಟರೆ, ಭಾರತದ ಪ್ರಜೆ. ಆ ದಿನದ ನಂತರ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರ ನಂತರ ಹುಟ್ಟಿದವರಿಗೆ ಇನ್ನೂ ಬಿಗಿ: ಒಬ್ಬರು ಭಾರತೀಯರು, ಇನ್ನೊಬ್ಬರು ಅಕ್ರಮ ವಲಸಿಗರಲ್ಲದವರು. ಈ ಅಕ್ಕ ತಮ್ಮನ ತಂದೆ ತಾಯಿ ಇಬ್ಬರೂ ಮಕ್ಕಳಾಗಿದ್ದಾಗ ಹಿಮಾಲಯ ದಾಟಿ ಬಂದವರು. ಹಾಗಾಗಿ ಗೆರೆ ಆ ಮನೆಯ ನಡುಮನೆಯಲ್ಲೇ ಹಾದುಹೋಯಿತು.

ಗೆರೆಯ ಈಚೆಗಿದ್ದರೂ ಅಕ್ಕನಿಗೆ ಸುಲಭವಾಗಿ ಏನೂ ಸಿಗಲಿಲ್ಲ. ಈ ಸೆಕ್ಷನ್ ಟಿಬೆಟಿಯನ್ನರಿಗೆ ಅನ್ವಯಿಸುವುದಿಲ್ಲ ಎಂದೇ ಸರ್ಕಾರ ವರ್ಷಗಟ್ಟಲೆ ವಾದಿಸಿತು. ಕಾಂಗ್ರಾದಲ್ಲಿ 1986ರಲ್ಲಿ ಹುಟ್ಟಿದ ಯುವತಿಯೊಬ್ಬಳು ಪಾಸ್‌ಪೋರ್ಟಿಗಾಗಿ ದೆಹಲಿ ಹೈಕೋರ್ಟಿಗೆ ಹೋಗಿ 2010ರಲ್ಲಿ ಗೆದ್ದಳು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೂ ಅದನ್ನೇ ಹೇಳಿತು. 2014ರಲ್ಲಿ ಚುನಾವಣಾ ಆಯೋಗ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಿ ಎಂದಿತು. ಅಷ್ಟೆಲ್ಲ ಆದ ಮೇಲೆ 2017ರಲ್ಲಿ ಪಾಸ್‌ಪೋರ್ಟಿಗೆ ಬಂದ ಷರತ್ತುಗಳನ್ನು ಕೇಳಿ: ಆರ್‌ಸಿ ಒಪ್ಪಿಸಬೇಕು, ಟಿಬೆಟಿಯನ್ ವಸತಿ ಪ್ರದೇಶದಲ್ಲಿ ವಾಸವಾಗಿರಬಾರದು, ನಿರಾಶ್ರಿತರೆಂದು ಸಿಗುವ ಸವಲತ್ತು ಬಿಡಬೇಕು. ಹೀಗೆಂದರೆ, ‘ನೀನು ಈ ದೇಶದವಳು, ಸರಿ, ಈಗ ಮನೆ ಖಾಲಿ ಮಾಡು’ ಎಂದ ಹಾಗೆ.

ಇಲ್ಲಿ ನಿಮ್ಮನ್ನು ಸ್ವಲ್ಪ ಹಿಂದಕ್ಕೆ ಕರೆದುಕೊಂಡು ಹೋಗುತ್ತೇನೆ. 1959ರ ಮಾರ್ಚ್ 31ರಂದು ದಲೈಲಾಮಾ ಗಡಿ ದಾಟಿ ತವಾಂಗ್ ಕಡೆ ಬಂದರು. ಹಿಂದೆಯೇ ಸುಮಾರು ಎಂಬತ್ತು ಸಾವಿರ ಜನ ಬಂದರು. ಅಸ್ಸಾಮಿನ ಮಿಸಾಮಾರಿಯಲ್ಲಿ ಬಿದಿರಿನ ಶೆಡ್ಡುಗಳು. ಸನ್ಯಾಸಿಗಳಿಗೆ ಬಂಗಾಳದ ಬಕ್ಸಾ, ಸ್ವಾತಂತ್ರ್ಯ ಹೋರಾಟಗಾರರನ್ನು ಬ್ರಿಟಿಷರು ಕೂಡಿಹಾಕಿದ್ದ ಹಳೆಯ ಬಂದೀಖಾನೆ. ಉಳಿದವರು ಹಿಮಾಲಯದ ರಸ್ತೆ ಕೆಲಸದಲ್ಲಿ ಕಲ್ಲು ಒಡೆದರು. ಇವರಿಗೆ ಜಮೀನು ಕೊಡಬಲ್ಲಿರಾ ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ ದೊಡ್ಡ ಮನಸ್ಸು ಮಾಡಿದ್ದು ಮೈಸೂರು ರಾಜ್ಯ. ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು. 1960ರ ಕೊನೆಗೆ ಮೊದಲ ತಂಡ ಬಂತು. ಮುಂದೆ 1966ರಲ್ಲಿ ಮುಂಡಗೋಡ, ಆಮೇಲೆ ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯ. ಮುಖ್ಯಮಂತ್ರಿಯಾಗಿದ್ದ ನಿಜಲಿಂಗಪ್ಪನವರ ಹೆಸರನ್ನು ನಮ್ಮವರಿಗಿಂತ ಹೆಚ್ಚಾಗಿ ಈ ಕ್ಯಾಂಪುಗಳಲ್ಲೇ ನೆನೆಯುತ್ತಾರೆ. 2018ರಲ್ಲಿ ಬೆಂಗಳೂರಿಗೆ ಬಂದು ಕರ್ನಾಟಕಕ್ಕೆ ಧನ್ಯವಾದ ಹೇಳುವ ಸಭೆಯಲ್ಲಿ ದಲೈಲಾಮಾ ಅವರೂ ನೆನೆದರು.

ನಮ್ಮ ತಂದೆ ಹೇಳುತ್ತಿದ್ದರು: ಹಿಮದಿಂದ ಬಂದ ಜನ, ನಮ್ಮ ಬಿಸಿಲಿಗೆ ಉಣ್ಣೆಯ ನಿಲುವಂಗಿ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡು ಮರ ಕಡಿಯುತ್ತಿದ್ದರು, ರಾತ್ರಿ ಆನೆ ಬಂದರೆ ಡಬ್ಬ ಬಡಿಯುತ್ತಿದ್ದರು. ಜ್ವರಕ್ಕೆ, ಬಿಸಿಲಿಗೆ, ಆನೆಗೆ ಸತ್ತವರು ಸತ್ತರು. ಉಳಿದವರು ಮುಸುಕಿನ ಜೋಳ ಬೆಳೆದರು. ಸಹಕಾರ ಸಂಘ ಕಟ್ಟಿದರು. ಈಗ ಅಲ್ಲಿಯ ಚಿನ್ನದ ದೇವಸ್ಥಾನ ನೋಡಲು ನಾವೇ ಟೂರ್ ಬಸ್ಸಿನಲ್ಲಿ ಹೋಗುತ್ತೇವೆ, ಮೊಮೊ ತಿಂದು ಬರುತ್ತೇವೆ. ಅದೇ ಜಾಗದಲ್ಲಿ ಒಂದು ರಾತ್ರಿ ಉಳಿಯಬೇಕೆಂದರೆ ಜರ್ಮನಿಯವನಿಗೋ ಜಪಾನಿನವನಿಗೋ ದೆಹಲಿಯ ಗೃಹ ಇಲಾಖೆಯ ಪರವಾನಗಿ ಬೇಕು. ನಮಗೆ ಪಿಕ್‌ನಿಕ್, ಕಡತದಲ್ಲಿ ಅದು ಸಂರಕ್ಷಿತ ಪ್ರದೇಶ.

ಅರವತ್ತು ವರ್ಷ ದಾಟಿದರೂ ಹೆಸರು ‘ಕ್ಯಾಂಪ್’. ಫಸ್ಟ್ ಕ್ಯಾಂಪ್, ಫೋರ್ತ್ ಕ್ಯಾಂಪ್ ಎಂದೇ ಆಟೋದವರೂ ಹೇಳುವುದು. ಕ್ಯಾಂಪ್ ಎಂದರೆ ಡೇರೆ, ನಾಳೆ ಕಿತ್ತುಕೊಂಡು ಹೋಗುವಂಥದ್ದು. ಮನೆ ಆರ್‌ಸಿಸಿ, ಹೆಸರು ಡೇರೆಯದ್ದು. ಸಿಂಧನೂರು ಕಡೆಯವರು ಯಾರಾದರೂ ಸಭೆಯಲ್ಲಿದ್ದರೆ ನಗುತ್ತಿರಬಹುದು. ಅಲ್ಲಿ ತುಂಗಭದ್ರಾ ಕಾಲುವೆ ಉದ್ದಕ್ಕೂ ಊರಿಗೊಂದು ಕ್ಯಾಂಪು. ಅವುಗಳ ನಡುವೆ ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಹಿಂದೂಗಳ ಪುನರ್ವಸತಿ ಕ್ಯಾಂಪುಗಳಿವೆ, ಬರ್ಮಾದಿಂದ ಬಂದವರದ್ದೂ ಇದೆ.

ಇನ್ನು ‘ನಿರಾಶ್ರಿತ’ ಎಂಬ ಪದ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಭಿಕ್ಷುಕರನ್ನು ತಂದು ಇಡುವ ಜಾಗಕ್ಕೂ ನಿರಾಶ್ರಿತರ ಪರಿಹಾರ ಕೇಂದ್ರ ಎಂದೇ ಬೋರ್ಡು. ರಾಜ್ಯ ಕಳೆದುಕೊಂಡು ಬಂದವನಿಗೂ ಬಸ್ ಸ್ಟ್ಯಾಂಡಿನಲ್ಲಿ ಕೈಚಾಚಿದವನಿಗೂ ನಮ್ಮ ಆಡಳಿತ ಕನ್ನಡದಲ್ಲಿ ಒಂದೇ ಶಬ್ದ. ಹಿಂದಿಯವರು ಅದಕ್ಕೆ ಶರಣಾರ್ಥಿ ಎನ್ನುತ್ತಾರೆ. ಆ ಪದ ನಮ್ಮಲ್ಲೂ ಇದೆ, ಉತ್ತರ ಕರ್ನಾಟಕದಲ್ಲಿ ಮನೆಗೆ ಬಂದವರನ್ನು ಎದುರುಗೊಂಡು ‘ಶರಣು ಶರಣಾರ್ಥಿ’ ಎನ್ನುತ್ತೇವೆ. ಅಲ್ಲಿ ಬಂದವನು ಶರಣಾರ್ಥಿ, ಇಲ್ಲಿ ಬಾಗಿಲು ತೆರೆದವನೇ ಶರಣಾರ್ಥಿ. ಭಾಷಾಶಾಸ್ತ್ರಜ್ಞರು ಇದಕ್ಕೆ ಏನು ಹೇಳುತ್ತಾರೋ, ನನಗಂತೂ ಇದು ಇಷ್ಟ.

ಈಗ ನನ್ನ ಕಸುಬಿಗೆ ಬರುತ್ತೇನೆ. ಟಿಬೆಟಿಯನ್ನರು ಯಾವ ಕಾನೂನಿನ ಅಡಿ ಇಲ್ಲಿದ್ದಾರೆ? ವಕೀಲಿ ಶುರುಮಾಡಿದಾಗ ನಾನೂ ನಿರಾಶ್ರಿತರ ಕಾಯ್ದೆ ಎಂಬುದೊಂದು ಇರಬೇಕು ಎಂದು ಹುಡುಕಿದೆ. ಇಲ್ಲ. 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕಾಗಲಿ 1967ರ ಅದರ ಪೂರಕ ಒಪ್ಪಂದಕ್ಕಾಗಲಿ ಭಾರತ ಸಹಿ ಹಾಕಿಲ್ಲ. ಇದ್ದದ್ದು ಬ್ರಿಟಿಷರು ಬಿಟ್ಟುಹೋದ 1946ರ ವಿದೇಶಿಯರ ಕಾಯ್ದೆ. ಅದರ ದೃಷ್ಟಿಯಲ್ಲಿ ಜಗತ್ತಿನಲ್ಲಿ ಎರಡೇ ಜಾತಿ: ಪ್ರಜೆ, ವಿದೇಶಿ. ತಾಜ್ ಮಹಲ್ ನೋಡಲು ಬಂದವನೂ ವಿದೇಶಿ, ಜೀವ ಉಳಿಸಿಕೊಳ್ಳಲು ಓಡಿಬಂದವನೂ ವಿದೇಶಿ. ನಾನು ವಿದೇಶಿಯಲ್ಲ ಎಂದು ಸಾಬೀತು ಮಾಡುವ ಹೊರೆ ಸರ್ಕಾರದ್ದಲ್ಲ, ಅವನದ್ದೇ. ವಿದೇಶಿಯನ್ನು ಹೊರಹಾಕಲು ಕೇಂದ್ರ ಸರ್ಕಾರಕ್ಕೆ ಲಂಗುಲಗಾಮಿಲ್ಲದ ಅಧಿಕಾರವಿದೆ ಎಂದು 1955ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ಜರ್ಮನಿಯ ಹ್ಯಾನ್ಸ್ ಮುಲ್ಲರ್ ಎಂಬವನ ಕೇಸು. ಇಂದಿಗೂ ಸರ್ಕಾರಿ ವಕೀಲರು ಮೊದಲು ತೆಗೆಯುವುದು ಅದನ್ನೇ.

ಹಾಗಾದರೆ ಟಿಬೆಟಿಯನ್ನರು ಉಳಿದದ್ದು ಹೇಗೆ? ಹುಕುಂ ಮೇಲೆ. ಒಂದು ಸುತ್ತೋಲೆ, ಒಂದು ಪತ್ರ, ಗೃಹ ಇಲಾಖೆಯ ಒಂದು ಆದೇಶ, ಮತ್ತೆ ಅದರ ನವೀಕರಣ.

ಜಮೀನಿನ ವಕೀಲನಾಗಿ ನನಗೆ ಇದು ತಲೆಕೆಳಗಾದ ಬಗರ್ ಹುಕುಂ ಎನಿಸುತ್ತದೆ. ನಮ್ಮ ಬಗರ್ ಹುಕುಂ ರೈತನಿಗೆ ಕಾನೂನಿದೆ, ಹುಕುಂ ಇಲ್ಲ. ಗೋಮಾಳದಲ್ಲಿ ಅಪ್ಪನ ಕಾಲದಿಂದ ರಾಗಿ ಬಿತ್ತುತ್ತಿದ್ದಾನೆ, ಕೈಯಲ್ಲಿ ಕಾಗದವಿಲ್ಲ. ಆದರೆ ಅವನಿಗಾಗಿ ಭೂಕಂದಾಯ ಕಾಯ್ದೆಯಲ್ಲಿ ಒಂದು ಸೆಕ್ಷನ್ ಇದೆ, ಫಾರಂ 50, 53, 57 ಎಂದು ಅರ್ಜಿ ನಮೂನೆಗಳಿವೆ, ಶಾಸಕರ ಸಮಿತಿ ಇದೆ, ಅರ್ಜಿ ವಜಾ ಆದರೆ ಎಸಿ ಕೋರ್ಟಿದೆ. ನಿಧಾನ, ಲಂಚ, ರಾಜಕೀಯ ಎಲ್ಲ ಇದೆ, ಒಪ್ಪುತ್ತೇನೆ. ಆದರೂ ಅವನು ತಾಲ್ಲೂಕು ಕಚೇರಿಯ ಕೌಂಟರ್ ಮುಂದೆ ನಿಂತು ‘ನನ್ನ ಅರ್ಜಿ ಏನಾಯ್ತು?’ ಎಂದು ಗದರಬಲ್ಲ. ಬೈಲುಕುಪ್ಪೆಯ ಹುಡುಗನ ಕೈಯಲ್ಲಿ ಕಾಗದವಿದೆ, ಹಿಂದೆ ಕಾನೂನಿಲ್ಲ. ಅವನು ಗದರುವ ಹಾಗಿಲ್ಲ. ಒಮ್ಮೆ ಅವನ ನವೀಕರಣ ಒಂದು ಕಚೇರಿಯಲ್ಲಿ ತಿಂಗಳುಗಟ್ಟಲೆ ನಿಂತಿತು. ನಾನು ಜೊತೆಗೆ ಹೋಗಿ ಎಷ್ಟು ದಿನದೊಳಗೆ ಕೊಡಬೇಕೆಂದು ನಿಯಮವಿದೆ ಎಂದು ಕೇಳಿದೆ. ಗುಮಾಸ್ತರು ಒಳ್ಳೆಯವರು, ಕುರ್ಚಿ ಕೊಟ್ಟು ಕೂರಿಸಿ ಹೇಳಿದರು: “ವಕೀಲ್ರೇ, ಇದು ಹಕ್ಕಲ್ಲ, ಸರ್ಕಾರ ಕೊಟ್ಟಿರೋ ಅವಕಾಶ.” ನಾನು ಇವತ್ತು ಒಂದು ಗಂಟೆ ಹೇಳಬೇಕಿರುವುದನ್ನು ಆ ಪುಣ್ಯಾತ್ಮರು ಒಂದೇ ಮಾತಿನಲ್ಲಿ ಮುಗಿಸಿದ್ದರು.

ಬಗರ್ ಹುಕುಂಗೆ ಇನ್ನೊಂದು ಹೋಲಿಕೆ ಇದೆ, ಕಟ್ಟಕಡೆಯ ದಿನಾಂಕದ್ದು. ಫಾರಂ 57ಕ್ಕೆ 2005ರ ಜನವರಿ 1ಕ್ಕಿಂತ ಮೊದಲು ಉಳುಮೆ ಮಾಡುತ್ತಿರಬೇಕು. ಆಶ್ರಯಕ್ಕೂ ಹೀಗೆಯೇ ದಿನಾಂಕಗಳ ರಾಶಿ. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ 1920, 1939, 1946 ಮತ್ತು 2000ದ ನಾಲ್ಕು ಕಾಯ್ದೆಗಳನ್ನು ತೆಗೆದುಹಾಕಿ ಒಂದು ಮಾಡಿತು. ವೀಸಾ ಇಲ್ಲದೆ ಬಂದರೆ ಐದು ವರ್ಷದವರೆಗೆ ಜೈಲು ಅಥವಾ ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ನಕಲಿ ಪಾಸ್‌ಪೋರ್ಟಿಗೆ ಏಳು ವರ್ಷದವರೆಗೆ. ಹಳೆಯ ಮನೆ ಕೆಡವಿ ಹೊಸದು ಕಟ್ಟುವಾಗಲಾದರೂ ನಿರಾಶ್ರಿತನಿಗೊಂದು ಕೋಣೆ ಇಡಬಹುದಿತ್ತು. ಇಡಲಿಲ್ಲ. ಆ ಪದಕ್ಕೆ ಕಾಯ್ದೆಯಲ್ಲಿ ವ್ಯಾಖ್ಯೆಯೇ ಇಲ್ಲ. ಜೊತೆಗೆ ಬಂದ ವಿನಾಯಿತಿ ಆದೇಶದಲ್ಲಿ ಮಾತ್ರ ಸಾಲುಸಾಲು ಗುಂಪುಗಳು: ಟಿಬೆಟಿಯನ್ನರು ಯಾವ ಅವಧಿಯಲ್ಲಿ ಬಂದರು, ನೋಂದಣಿ ಆಗಿದೆಯೇ, ಶ್ರೀಲಂಕಾ ತಮಿಳರಾದರೆ 2015ರ ಜನವರಿ 9ರೊಳಗೆ ಬಂದು ನೋಂದಾಯಿಸಿದವರು, ಪಾಕಿಸ್ತಾನ, ಬಾಂಗ್ಲಾದೇಶ, ಆಫ್ಘಾನಿಸ್ತಾನದ ಅಲ್ಪಸಂಖ್ಯಾತರಾದರೆ 2024ರ ಡಿಸೆಂಬರ್ 31ರೊಳಗೆ ಬಂದವರು. ಇದು ವಿನಾಯಿತಿ ಮಾತ್ರ, ಪೌರತ್ವದ ಮಾತು ಬೇರೆ. ಅದಕ್ಕೆ 2019ರ ತಿದ್ದುಪಡಿ ಕಾಯ್ದೆ, ಅದರ ಗೆರೆ 2014ರ ಡಿಸೆಂಬರ್ 31, ಆರು ಧರ್ಮ, ಮೂರು ದೇಶ. ಸಿಂಧನೂರಿನ ಕ್ಯಾಂಪಿನ ಬಂಗಾಳಿ ಹಿಂದೂ ಅದರೊಳಗೆ ಬರಬಲ್ಲ. ಬೈಲುಕುಪ್ಪೆಯ ಬೌದ್ಧ ಬರಲಾರ, ಧರ್ಮ ಪಟ್ಟಿಯಲ್ಲಿದ್ದರೂ ದೇಶ ಪಟ್ಟಿಯಲ್ಲಿಲ್ಲ. ತಮಿಳುನಾಡಿನ ಮಂಡಪಂ ಶಿಬಿರದ ಶ್ರೀಲಂಕಾ ತಮಿಳು ಹಿಂದೂವೂ ಬರಲಾರ. ರೋಹಿಂಗ್ಯಾನಂತೂ ಯಾವ ಪಟ್ಟಿಯಲ್ಲೂ ಇಲ್ಲ. ಅವರನ್ನು ಗಡೀಪಾರು ಮಾಡದಂತೆ ತಡೆ ಕೊಡಲು 2021ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಬದುಕುವ ಹಕ್ಕು ಎಲ್ಲರಿಗೂ ಇದೆ, ಆದರೆ ಇಲ್ಲೇ ಇರುವ ಹಕ್ಕು ಪ್ರಜೆಗಳಿಗೆ ಮಾತ್ರ ಎಂದಿತು. ಓಡಿಬಂದವನನ್ನು ಏಕೆ ಓಡಿಬಂದೆ ಎಂದು ಕೇಳುವ ಬದಲು ಯಾವ ತಾರೀಖು, ಯಾವ ದೇಶ, ಯಾವ ದೇವರು ಎಂದು ಕೇಳುವುದು ನನಗೆ ಸರಿಕಾಣುವುದಿಲ್ಲ. ಇದನ್ನು ಈ ವೇದಿಕೆಯ ಮೇಲೆ ಮರೆಮಾಚದೆ ಹೇಳುತ್ತೇನೆ.

ಸುಳ್ಯ ಪುತ್ತೂರಿನವರಿಗೆ ಒಂದು ಮಾತು. ನಿಮ್ಮಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ ಮಾಡುವ ತಮಿಳು ಕುಟುಂಬಗಳಿವೆಯಲ್ಲ, ಅವರು ಶ್ರೀಲಂಕಾದಿಂದಲೇ ಬಂದವರು. ಆದರೆ ಅವರು ಬಂದದ್ದು ಒಪ್ಪಂದದ ಮೇಲೆ. 1964ರ ಅಕ್ಟೋಬರಿನಲ್ಲಿ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಕೂತು ಟೀ ತೋಟದ ಕೂಲಿಗಳನ್ನು ಹಂಚಿಕೊಂಡರು: 5,25,000 ಜನ ಭಾರತಕ್ಕೆ, 3,00,000 ಜನ ಅಲ್ಲಿಗೆ, ಉಳಿದ ಒಂದೂವರೆ ಲಕ್ಷದ ಲೆಕ್ಕ ಆಮೇಲೆ. ಗೌಡರ ಮನೆಯ ಪಾಲುಪಟ್ಟಿಯಲ್ಲಿ ದನ ಹಂಚಿದ ಹಾಗೆ ಕಾಣುತ್ತದೆ ನಿಜ. ಆದರೂ ಹಂಚಿಕೆಯಲ್ಲಿ ಬಂದವರಿಗೆ ಪೌರತ್ವ ಸಿಕ್ಕಿತು, ಕೆಲಸ ಸಿಕ್ಕಿತು. 1983ರ ಗಲಭೆಯ ನಂತರ ದೋಣಿಯಲ್ಲಿ ಜೀವ ಹಿಡಿದುಕೊಂಡು ಬಂದವರು ತಮಿಳುನಾಡಿನ ಶಿಬಿರಗಳಲ್ಲಿ ಉಳಿದರು, ಅವರ ಮೊಮ್ಮಕ್ಕಳೂ ಅಲ್ಲೇ ಹುಟ್ಟಿದರು. ಒಂದೇ ದ್ವೀಪ, ಒಂದೇ ಭಾಷೆ. ಒಬ್ಬನ ಬೆನ್ನಿಗೆ ಬರೆದ ಕರಾರಿತ್ತು.

ನನ್ನ ಮಾತಿಗೆ ನಾನೇ ಎದುರು ವಾದ ಮಾಡದಿದ್ದರೆ ವಕೀಲನಾಗಿ ನಾಚಿಕೆಗೇಡು. ಕಾನೂನು ಇದ್ದಿದ್ದರೆ ಬೈಲುಕುಪ್ಪೆ ಆಗುತ್ತಿತ್ತೇ? ನನಗೆ ಅನುಮಾನ. 1951ರ ಒಪ್ಪಂದ ಯುರೋಪಿನ ಯುದ್ಧದ ಗಾಯಕ್ಕೆ ಹಚ್ಚಿದ ಮುಲಾಮು. ಮೊದಲಿಗೆ ಅದು 1951ರ ಜನವರಿ 1ಕ್ಕಿಂತ ಮುಂಚಿನ ಘಟನೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ವಿಭಜನೆಯ ನಿರಾಶ್ರಿತರನ್ನು ಲಕ್ಷಗಳ ಲೆಕ್ಕದಲ್ಲಿ ಹೊತ್ತುಕೊಂಡ ದೇಶಕ್ಕೆ ಯುರೋಪಿನವರು ಪಾಠ ಹೇಳಲು ಬಂದದ್ದು ನೆಹರೂ ಕಾಲದವರಿಗೆ ರುಚಿಸದಿದ್ದರೆ ತಪ್ಪಿಲ್ಲ. 1971ರಲ್ಲಿ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಬಂದರು. ಯಾವ ಕಾಯ್ದೆಯ ಯಾವ ಫಾರಂ ಅಷ್ಟು ಜನರನ್ನು ತುಂಬಿಸಿಕೊಳ್ಳುತ್ತಿತ್ತು? ಸಹಿ ಹಾಕಿದ ದೇಶಗಳ ಬಾಳೂ ಕಂಡಿದ್ದೇವೆ. ಆಸ್ಟ್ರೇಲಿಯಾ ದೋಣಿಯವರನ್ನು ನೌರು ದ್ವೀಪಕ್ಕೆ ಸಾಗಿಸಿತು. ಬ್ರಿಟನ್ ರುವಾಂಡಾಕ್ಕೆ ಕಳಿಸಲು ಹೊರಟು 2023ರಲ್ಲಿ ತನ್ನದೇ ಸುಪ್ರೀಂ ಕೋರ್ಟಿನಲ್ಲಿ ಮುಖಭಂಗ ಮಾಡಿಕೊಂಡಿತು. ಆ ಯಾವ ದೇಶವೂ ಬಂದವರಿಗೆ 3,000 ಎಕರೆ ಕೊಟ್ಟು, ನಿಮ್ಮ ದೇವಸ್ಥಾನ ಕಟ್ಟಿಕೊಳ್ಳಿ, ನಿಮ್ಮ ಭಾಷೆಯ ಶಾಲೆ ನಡೆಸಿಕೊಳ್ಳಿ ಎನ್ನಲಿಲ್ಲ. ಹುಕುಮಿನಲ್ಲಿ ಔದಾರ್ಯಕ್ಕೆ ಜಾಗವಿರುತ್ತದೆ, ಇದು ಸತ್ಯ.

ಆದರೆ ಔದಾರ್ಯ ಯಜಮಾನನ ಮರ್ಜಿ. 2025ರ ಮೇ ತಿಂಗಳಲ್ಲಿ ಶ್ರೀಲಂಕಾದ ತಮಿಳನೊಬ್ಬನ ಅರ್ಜಿಯ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟಿನ ಪೀಠದಿಂದ ಭಾರತವೇನು ಧರ್ಮಶಾಲೆಯಲ್ಲ ಎಂಬರ್ಥದ ಮಾತು ಬಂತು. ಪತ್ರಿಕೆಯಲ್ಲಿ ಓದಿದಾಗ ನನಗೆ ಮೊದಲು ಹೊಳೆದದ್ದು, ದಲೈಲಾಮಾ ಇರುವ ಊರಿನ ಹೆಸರೇ ಧರ್ಮಶಾಲೆಯಲ್ಲವೇ ಎಂದು. ಆಮೇಲೆ ನಮ್ಮ ಹಳೆಯ ಛತ್ರಗಳು ನೆನಪಾದವು. ಛತ್ರ ಎಂದರೆ ಕೇಳುವವರಿಲ್ಲದ ಜಾಗವಲ್ಲ. ಇಷ್ಟು ದಿನ ಇರಬಹುದು, ಅಡುಗೆಗೆ ಇಷ್ಟು ಸೌದೆ, ಇಂಥ ಕೋಣೆ ಇಂಥವರಿಗೆ, ದೂರಿದ್ದರೆ ಪಾರುಪತ್ಯೇಗಾರರಿಗೆ ಹೇಳಿ ಎಂದು ಗೋಡೆಯ ಮೇಲೆ ಬರೆದಿರುತ್ತಿತ್ತು. ದಾರಿಹೋಕ ಅದನ್ನು ಓದಿ ತನಗೇನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ತಿಳಿದುಕೊಳ್ಳುತ್ತಿದ್ದ. ಭಾರತ ಧರ್ಮಶಾಲೆಯಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಧರ್ಮಶಾಲೆಗೆ ನಿಯಮಾವಳಿ ಇತ್ತು.

ಬರೆಯಲು ಯಾರಿಗೂ ಬಾರದೆಂದಲ್ಲ. ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಅಧ್ಯಕ್ಷತೆಯಲ್ಲಿ 1997ರಲ್ಲೇ ಒಂದು ಮಾದರಿ ಕಾಯ್ದೆಯ ಕರಡು ತಯಾರಾಗಿತ್ತು. 2015ರಲ್ಲಿ ಶಶಿ ತರೂರ್ ಆಶ್ರಯ ಮಸೂದೆಯೊಂದನ್ನು ಖಾಸಗಿಯಾಗಿ ಮಂಡಿಸಿದರು. ಎರಡೂ ಮುಂದೆ ಹೋಗಲಿಲ್ಲ. ನಾನು ಕೇಳುವುದು ಅಷ್ಟು ದೊಡ್ಡದೂ ಅಲ್ಲ. ಅರ್ಜಿ ಹಾಕಲು ಒಂದು ಕೌಂಟರ್, ಉತ್ತರಕ್ಕೆ ಒಂದು ಗಡುವು, ವಜಾ ಮಾಡಿದರೆ ಕಾರಣ, ಆ ಕಾರಣದ ಮೇಲೆ ಒಂದು ಮೇಲ್ಮನವಿ. ‘ಇಲ್ಲ’ ಎನ್ನುವ ಅಧಿಕಾರ ಸರ್ಕಾರಕ್ಕೇ ಇರಲಿ. ಏಕೆ ಇಲ್ಲ ಎಂದು ಬರೆದುಕೊಡಲಿ. ಫಾರಂ 57ರ ಅರ್ಜಿದಾರನಿಗೆ ಕೊಡುವಷ್ಟು ಸಾಕು.

ಅಷ್ಟರಲ್ಲಿ ಕ್ಯಾಂಪುಗಳು ಖಾಲಿಯಾಗುತ್ತಿವೆ. 2009ರ ಅವರದೇ ಗಣತಿಯಲ್ಲಿ ಭಾರತದಲ್ಲಿ 94,203 ಟಿಬೆಟಿಯನ್ನರಿದ್ದರು. ಈಗ ಅಷ್ಟಿಲ್ಲ. 1990ರ ಅಮೆರಿಕದ ವಲಸೆ ಕಾಯ್ದೆ ಭಾರತ, ನೇಪಾಳದಲ್ಲಿದ್ದ ಟಿಬೆಟಿಯನ್ನರಿಗೆ 1,000 ವೀಸಾ ಕೊಟ್ಟಾಗಿನಿಂದ ಒಬ್ಬರ ಹಿಂದೊಬ್ಬರು ಹೊರಟಿದ್ದಾರೆ. ನ್ಯೂಯಾರ್ಕ್, ಟೊರಾಂಟೊ, ಪ್ಯಾರಿಸ್. ನಮ್ಮ ತಾಲ್ಲೂಕಿನ ಹುಡುಗರು ಡಾಲರಿಗೆ ಹೋಗುತ್ತಾರೆ. ಇವರು ಡಾಲರಿಗೂ ಹೋಗುತ್ತಾರೆ, ಪಾಸ್‌ಪೋರ್ಟಿಗೂ ಹೋಗುತ್ತಾರೆ. ಅವರ ಜೋಳದ ಹೊಲಗಳನ್ನು ಈಗ ಎಷ್ಟೋ ಕಡೆ ನಮ್ಮವರು ವಾರಕ್ಕೆ ಮಾಡುತ್ತಿದ್ದಾರೆ.

ಆ ತಮ್ಮ ಹೋದ ವರ್ಷ ಮತ್ತೆ ಬಂದಿದ್ದ. ಹೊರದೇಶಕ್ಕೆ ಹೋಗಲು ಹಳದಿ ಪುಸ್ತಕ, ಪಾಸ್‌ಪೋರ್ಟಿನ ಬದಲು ಇವರಿಗೆ ಕೊಡುವ ಗುರುತಿನ ಪತ್ರ, ಅದಕ್ಕೆ ಅರ್ಜಿ ತುಂಬಬೇಕಿತ್ತು. ತಾಯಿಯೂ ಜೊತೆಗಿದ್ದರು. ಹೊರಗೆ ಬೆಂಚಿನ ಮೇಲೆ ಜಪಮಣಿ ಎಣಿಸುತ್ತಾ ಕೂತು, ನಮ್ಮ ಗುಮಾಸ್ತನ ಹೆಂಡತಿಗೆ ಬೆಳಗಿನ ಚಳಿಗೆ ಯಾವ ಸ್ವೆಟರ್ ತಾಳುತ್ತದೆ ಎಂದು ಹೇಳುತ್ತಿದ್ದರು. ಅವನು ಒಂದೊಂದೇ ಕಾಲಂ ತುಂಬಿದ. ಹೆಸರು, ತಂದೆಯ ಹೆಸರು, ಹುಟ್ಟಿದ ಊರು. ಖಾಯಂ ವಿಳಾಸ ಎಂಬಲ್ಲಿಗೆ ಬಂದು ಪೆನ್ನು ನಿಲ್ಲಿಸಿದ.

“ಇಲ್ಲಿ ಕ್ಯಾಂಪಿನ ವಿಳಾಸನೇ ಬರೀಲಾ ಸಾರ್?”

“ಬೇರೆ ಯಾವುದಿದೆ ಮಾರಾಯ, ಬರಿ” ಎಂದೆ. ಬರೆದ. ಮನೆ ನಂಬರು, ಕ್ಯಾಂಪಿನ ನಂಬರು, ಬೈಲುಕುಪ್ಪೆ ಅಂಚೆ, ಪಿರಿಯಾಪಟ್ಟಣ ತಾಲ್ಲೂಕು. ಆಮೇಲೆ ಕೆಳಗಿನ ಕಾಲಂ ನೋಡಿದ. ಅಲ್ಲಿ ‘ಈಗಿನ ವಿಳಾಸ’ ಎಂದಿತ್ತು. ‘ಮೇಲಿನಂತೆ’ ಎಂದು ಬರೆದು ಸಹಿ ಹಾಕಿದ.